ಚುನಾವಣಾ ಅಕ್ರಮದ ದೂರು ಶಿಕ್ಷೆಯವರೆಗೆ ಮುಟ್ಟಬೇಕಾದರೆ

ಮತಕ್ಕೆ ಲಂಚ ಕೊಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 173ರಲ್ಲಿರುವ ಶಿಕ್ಷೆ ಹೆಚ್ಚೆಂದರೆ ಒಂದು ವರ್ಷದ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು ತೀರಾ ಕಡಿಮೆ, ಹೆಚ್ಚಾಗಲೇಬೇಕು. ಆದರೆ ಈಗಿನ ಕಾನೂನಿನಲ್ಲೂ ಒಂದು ಬಲವಾದ ಪೆಟ್ಟಿದೆ. ಲಂಚ, ಬೆದರಿಕೆ, ಕಳ್ಳಮತ ಸಾಬೀತಾದರೆ, ಬರೀ ದಂಡ ಬಿದ್ದಿದ್ದರೂ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 8ರ ಪ್ರಕಾರ ಆರು ವರ್ಷ ಶಾಸಕರೋ ಸಂಸದರೋ ಆಗುವಂತಿಲ್ಲ. ಕಲಂ 11ಎ ಪ್ರಕಾರ ಅಷ್ಟೇ ವರ್ಷ ಮತ ಹಾಕುವ ಹಕ್ಕೂ ಹೋಗುತ್ತದೆ. ಹಣ ಹಂಚಲು ಬಂದ ಓಣಿಯ ಹುಡುಗನಿಗೂ ಇದು ತಪ್ಪಿದ್ದಲ್ಲ. ಇದೆಲ್ಲ ಆಗುವುದು ಕೋರ್ಟಿನಲ್ಲಿ ಅಪರಾಧ ರುಜುವಾತಾದರೆ ಮಾತ್ರ. ಹಾಗಾಗಿ ದೂರನ್ನು ಮೊದಲ ದಿನದಿಂದಲೇ ಕೋರ್ಟಿಗೆ ನಿಲ್ಲುವಂತೆ ಕಟ್ಟಬೇಕು.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಕುಕ್ಕರ್ ಟೋಕನ್ ಹಂಚುತ್ತಿದ್ದಾರೆ ಎನ್ನಿ. ಭಾರತ ಚುನಾವಣಾ ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್ ತೆರೆದು ಅದರೊಳಗಿಂದಲೇ ಫೋಟೊ ಅಥವಾ 2 ನಿಮಿಷದೊಳಗಿನ ವಿಡಿಯೊ ತೆಗೆದು, 5 ನಿಮಿಷದೊಳಗೆ ಕಳಿಸಬೇಕು. 100 ನಿಮಿಷದಲ್ಲಿ ಕ್ರಮ ಆಗಬೇಕೆಂಬುದು ಆಯೋಗವೇ ಹಾಕಿಕೊಂಡ ಗಡುವು. ಬಹಳ ಜನ ಎಡವುವುದು ಇಲ್ಲಿ: ಆ್ಯಪ್‌ನಲ್ಲಿ ತೆಗೆದದ್ದು ನಿಮ್ಮ ಗ್ಯಾಲರಿಯಲ್ಲಿ ಉಳಿಯುವುದಿಲ್ಲ. ಪಕ್ಕದಲ್ಲಿದ್ದವರೊಬ್ಬರು ತಮ್ಮ ಮೊಬೈಲಿನ ಕ್ಯಾಮೆರಾದಲ್ಲೂ ತೆಗೆಯಲಿ. ಕೊಡುವವರ ಮುಖ, ಗಾಡಿಯ ನಂಬರು, ಟೋಕನ್ನಿನ ಎರಡೂ ಬದಿ, ಅದರ ಮೇಲಿನ ಕ್ರಮಸಂಖ್ಯೆ, ಇಷ್ಟು ಕಾಣಬೇಕು. ಆ ವಿಡಿಯೊವನ್ನು ವಾಟ್ಸಾಪಿನಲ್ಲಿ ಕಳಿಸಿ ಮೂಲವನ್ನು ಅಳಿಸಿಬಿಟ್ಟರೆ ಸಾಕ್ಷ್ಯವೇ ದುರ್ಬಲವಾಗುತ್ತದೆ. ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಫೈಲಿನ ಡಿಜಿಟಲ್ ಬೆರಳಚ್ಚಿನಂಥ ಸಂಕೇತ) ಬರೆಯಬೇಕು, ಅದಕ್ಕೆ ಮೂಲ ಫೈಲೇ ಬೇಕು.

ಹೆಸರು ಮರೆಮಾಚಿಯೂ ಸಿ-ವಿಜಿಲ್‌ನಲ್ಲಿ ದೂರು ಕೊಡಬಹುದು. ಅದರಿಂದ ಹಂಚಿಕೆ ನಿಲ್ಲಬಹುದು, ಆದರೆ ಕೋರ್ಟಿಗೆ ಸಾಕ್ಷಿದಾರ ಸಿಗುವುದಿಲ್ಲ. ಧೈರ್ಯವಿದ್ದ ಇಬ್ಬರಾದರೂ ಹೆಸರು ಹಾಕಿ. ಟೋಕನ್ ಕೈಗೆ ಬಂದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಏಕೆಂದರೆ ನ್ಯಾಯ ಸಂಹಿತೆಯ ಕಲಂ 170ರಡಿ ಪಡೆದವರೂ ಅಪರಾಧಿಗಳೇ. ಅವತ್ತೇ ಚುನಾವಣಾ ಅಕ್ರಮ ತಡೆಯುವ ಸಂಚಾರಿ ದಳವಾದ ಫ್ಲೈಯಿಂಗ್ ಸ್ಕ್ವಾಡ್‌ಗೆ ಒಪ್ಪಿಸಿ ಪಂಚನಾಮೆಯಲ್ಲಿ ಬರೆಸಿ.

ಇನ್ನು ಪೊಲೀಸ್ ಠಾಣೆ. ಮತದಾರರಿಗೆ ಲಂಚ ಕೊಡುವುದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಇಷ್ಟು ದೊಡ್ಡ ಪಾಪವನ್ನು ಈ ಪಟ್ಟಿಯಲ್ಲಿಟ್ಟಿರುವುದೇ ಕಾನೂನಿನ ದೊಡ್ಡ ಕೊರತೆ. ಠಾಣೆಯಲ್ಲಿ ದೂರು ದಾಖಲಿಸಿ, ಸ್ವೀಕೃತಿ ಪಡೆದು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 174ರಡಿ ತನಿಖೆಗೆ ಅನುಮತಿ ಕೋರಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ. ಈ ಹೆಜ್ಜೆ ತಪ್ಪಿದರೆ ಪ್ರಕರಣವನ್ನು ಮುಂದೆ ತಾಂತ್ರಿಕ ಕಾರಣಕ್ಕೇ ಹೊಡೆದುಹಾಕಬಹುದು. ಕಳ್ಳಮತ ಹಾಗಲ್ಲ, ಅದಕ್ಕೆ ನೇರವಾಗಿ ಎಫ್‌ಐಆರ್ ಆಗುತ್ತದೆ.

ಗುಡಿಯಲ್ಲಿ ಭಂಡಾರ (ದೇವರ ಅರಿಶಿನ) ಮುಟ್ಟಿಸಿ "ಇವರಿಗೇ ಹಾಕ್ತೀನಿ" ಎಂದು ಆಣೆ ಮಾಡಿಸುವುದನ್ನು ನಮ್ಮ ಕಡೆ ಸಣ್ಣ ಮಾತೆಂದು ಬಿಡುತ್ತಾರೆ. ಮಾತು ತಪ್ಪಿದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಹೆದರಿಸುವುದು ನ್ಯಾಯ ಸಂಹಿತೆಯ ಕಲಂ 171ರಡಿ ಅನುಚಿತ ಪ್ರಭಾವ. ದೂರಿನಲ್ಲಿ ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ. ಮುದ್ರಕ, ಪ್ರಕಾಶಕರ ಹೆಸರು ವಿಳಾಸವಿಲ್ಲದ ಕರಪತ್ರ ಕಂಡರೆ ಒಂದು ಪ್ರತಿ ಎತ್ತಿಟ್ಟು ಚುನಾವಣಾಧಿಕಾರಿಗೆ ಕೊಡಿ. ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 127ಎ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಮತಗಟ್ಟೆಯಲ್ಲಿ ನಿಮ್ಮ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿದ್ದರೆ ಜಗಳವಾಡಿ ಮನೆಗೆ ಹೋಗಬೇಡಿ. ಮತಗಟ್ಟೆ ಅಧಿಕಾರಿ ಕೇಳಿದ್ದಕ್ಕೆ ಉತ್ತರಿಸಿ ಟೆಂಡರ್ ಮತಪತ್ರ (ಇಂಥವರಿಗೆಂದೇ ಕೊಡುವ ಕಾಗದದ ಮತಪತ್ರ) ಕೇಳಿ ಪಡೆಯಿರಿ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ, ಮುಚ್ಚಿದ ಲಕೋಟೆಯಲ್ಲಿರುತ್ತದೆ. ಮುಂದೆ ಹೈಕೋರ್ಟಿನಲ್ಲಿ ಕಳ್ಳಮತ ತೋರಿಸಲು ಅದೇ ಆಧಾರ. ಮತ ಹಾಕಲು ಬಂದವರ ಗುರುತಿನ ಮೇಲೆ ಅಭ್ಯರ್ಥಿಯ ಮತಗಟ್ಟೆ ಏಜೆಂಟರಿಗೆ ಸಂಶಯ ಬಂದರೆ, ಬಂದವರು ಮತ ಹಾಕುವ ಮೊದಲೇ ಏಜೆಂಟರು 2 ರೂಪಾಯಿ ಕಟ್ಟಿ ಆಕ್ಷೇಪಿಸಬೇಕು.

ಗ್ರಾಮ ಪಂಚಾಯಿತಿ, ಮಹಾನಗರ ಪಾಲಿಕೆ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು, ಅಲ್ಲಿ ಸಿ-ವಿಜಿಲ್ ನಡೆಯದು. ಚುನಾವಣಾಧಿಕಾರಿಗೆ ಲಿಖಿತ ದೂರು ಕೊಡಿ.

ಗೆದ್ದ ಶಾಸಕರ ಆಯ್ಕೆಯನ್ನೇ ರದ್ದು ಮಾಡಿಸಬೇಕೆಂದರೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಆ ಕ್ಷೇತ್ರದ ಯಾವ ಮತದಾರರೂ ಹಾಕಬಹುದು, ಠೇವಣಿ 2,000 ರೂಪಾಯಿ. ಲಂಚ ಹಂಚಿದ್ದು ಅಭ್ಯರ್ಥಿ, ಅವರ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಬೇರೊಬ್ಬರು ಎಂದು ದಿನಾಂಕ, ಸ್ಥಳ ಸಮೇತ ಬರೆದು, ನಮೂನೆ 25ರ ಅಫಿಡವಿಟ್ (ಆಣೆ ಮಾಡಿ ಬರೆದ ಹೇಳಿಕೆ) ಲಗತ್ತಿಸಿ. ಪ್ರತಿವಾದಿಗಳು ಎಷ್ಟು ಜನರೋ ಅಷ್ಟು ಪ್ರತಿಗಳಿಗೆ ಅರ್ಜಿದಾರರೇ ಸಹಿ ಮಾಡಿ ದೃಢೀಕರಿಸಬೇಕು. ಗಡುವು ಆಯ್ಕೆಯಾದ ದಿನದಿಂದ 45 ದಿನ, ತಡವಾದದ್ದಕ್ಕೆ ಮನ್ನಾ ಇಲ್ಲ. ಆದ್ದರಿಂದ ಫಲಿತಾಂಶ ಬಂದ ವಾರದಲ್ಲೇ ಕಾಗದಪತ್ರಗಳೊಂದಿಗೆ ವಕೀಲರನ್ನು ಕಾಣಿರಿ.