ಮೊದಲು ಕಾಗದ, ಆಮೇಲೆ ಅರ್ಜಿ: ಸರ್ಕಾರಿ ನೌಕರಿಗೆ ನಾನು ತಯಾರಾದ ಬಗೆ

ಆನ್‌ಲೈನ್ ಅರ್ಜಿ ತುಂಬುವುದು ಅಂದರೆ ಅರ್ಧ ಗಂಟೆಯ ಕೆಲಸ. ಹೆಸರು, ಹುಟ್ಟಿದ ದಿನಾಂಕ, ಮಾರ್ಕ್ಸು, ಫೋಟೊ, ಫೀಸು, ಮುಗಿಯಿತು. ಆದರೆ ಆ ಅರ್ಧ ಗಂಟೆಯಲ್ಲಿ ನಾವು ಎಷ್ಟೋ ಕಡೆ ‘ಹೌದು’ ಎಂದು ಒತ್ತಿರುತ್ತೇವೆ. ಗ್ರಾಮೀಣ ಅಭ್ಯರ್ಥಿಯೇ? ಹೌದು. ಕನ್ನಡ ಮಾಧ್ಯಮವೇ? ಹೌದು. 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ ಬೇಕೇ? ಹೌದು. ಒಂದೊಂದು ಹೌದಿನ ಹಿಂದೆಯೂ ಒಂದು ಕಾಗದ ಇರಬೇಕು. ಆ ಕಾಗದದ ಮೇಲಿನ ತಾರೀಕು ಅರ್ಜಿಯ ಕೊನೆಯ ದಿನದ ಒಳಗೇ ಇರಬೇಕು. ಪರೀಕ್ಷೆ ಪಾಸಾಗಿ, ದಾಖಲೆ ಪರಿಶೀಲನೆಗೆ ಕರೆದಾಗ ಮಾಡಿಸಿಕೊಂಡರಾಯಿತು ಅಂದುಕೊಂಡವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಅದಕ್ಕೇ ನಾನು ನೋಟಿಫಿಕೇಶನ್ ಬಂದ ಮೇಲೆ ಆಫೀಸುಗಳಿಗೆ ಓಡಲಿಲ್ಲ. ಕಾಗದ ಎಲ್ಲ ಕೂಡಿಸಿಟ್ಟುಕೊಂಡು ನೋಟಿಫಿಕೇಶನ್‌ಗೆ ಕಾದೆ.

ನನ್ನದು ಕೊಪ್ಪಳ ಜಿಲ್ಲೆಯ ಹಳ್ಳಿ. ಹಿಂದುಳಿದ ವರ್ಗಗಳ ಪ್ರವರ್ಗ 2ಎ. ಓದಿದ್ದು ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲೇ. ಹಾಗಾಗಿ ನನಗೆ ಬೇಕಾಗಿದ್ದು ನಾಲ್ಕು: ಜಾತಿ-ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ, 371ಜೆ. ಇದರಲ್ಲಿ ಎಲ್ಲರೂ ಕಷ್ಟ ಅಂದುಕೊಳ್ಳುವುದು ಜಾತಿ-ಆದಾಯವನ್ನು. ನಿಜ ಹೇಳಬೇಕೆಂದರೆ ಅದೇ ಸುಲಭ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ವರದಿ ಹಾಕುತ್ತಾರೆ, ಕಂದಾಯ ನಿರೀಕ್ಷಕರು ನೋಡುತ್ತಾರೆ, ತಹಶೀಲ್ದಾರ್ ಕಚೇರಿಯಿಂದ ಆರ್‌ಡಿ ನಂಬರ್ (ಆ ಪತ್ರದ ಗುರುತಿನ ಸಂಖ್ಯೆ) ಇರುವ ಪ್ರಮಾಣಪತ್ರ ಬರುತ್ತದೆ. ಸಕಾಲ ರಸೀದಿ ಇದ್ದರೆ ಅರ್ಜಿ ಯಾರ ಹತ್ತಿರ ನಿಂತಿದೆ ಎಂದು ಫೋನಿನಲ್ಲೇ ನೋಡಬಹುದು. ಗಮನಿಸಬೇಕಾದ್ದು ಅವಧಿ ಒಂದನ್ನೇ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಚಿಂತೆ ಇಲ್ಲ. 2ಎ, 2ಬಿ, 3ಎ, 3ಬಿ ಅಂದರೆ ಆದಾಯವೂ ಸೇರಿರುತ್ತದೆ, ಆದ್ದರಿಂದ 5 ವರ್ಷ ಮಾತ್ರ. ಪಿಯುಸಿ ಸೇರುವಾಗ ಮಾಡಿಸಿದ್ದು ಡಿಗ್ರಿ ಮುಗಿಯುವಷ್ಟರಲ್ಲಿ ಸತ್ತಿರುತ್ತದೆ. ಅಂಥದ್ದನ್ನೇ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರು ಎಷ್ಟು ಜನ ಬೇಕು!

ನಿಜವಾದ ಓಡಾಟ ಇರುವುದು ಶಾಲೆಯ ಕಾಗದಗಳಲ್ಲಿ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಅದೇ ಒಂದರಿಂದ ಹತ್ತು. ಗ್ರಾಮೀಣಕ್ಕೆ ಹೆಡ್‌ಮಾಸ್ತರರ ಸಹಿ, ಸೀಲು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುಸಹಿ. ನಾನು ಏಳನೆಯವರೆಗೆ ಊರಿನ ಶಾಲೆ, ಆಮೇಲೆ ಹೋಬಳಿಯ ಹೈಸ್ಕೂಲು. ಅಂದರೆ ಎರಡು ಶಾಲೆಯಿಂದ ಎರಡೆರಡು ಪತ್ರ. ಬಹಳ ಜನ ಹೈಸ್ಕೂಲಿನದ್ದು ಒಂದನ್ನೇ ಮಾಡಿಸಿ ಸುಮ್ಮನಾಗುತ್ತಾರೆ. ಅದರಿಂದ ಎಂಟು, ಒಂಬತ್ತು, ಹತ್ತು ಮಾತ್ರ ಸಾಬೀತಾಗುತ್ತದೆ ಅಲ್ವಾ? ಮಿಕ್ಕ ಏಳು ವರ್ಷಕ್ಕೆ ಯಾರು ಸಾಕ್ಷಿ?

ಊರಿನ ಶಾಲೆಗೆ ಹೋಗುವಾಗ ನಾನು ಮಾಡಿದ ಒಂದು ಕೆಲಸ ತುಂಬಾ ಅನುಕೂಲವಾಯಿತು. ಹಳೇ ಟಿಸಿಯ ಜೆರಾಕ್ಸ್ ಹುಡುಕಿ, ಅದರಲ್ಲಿದ್ದ ದಾಖಲಾತಿ ಸಂಖ್ಯೆ, ಸೇರಿದ ವರ್ಷ, ಬಿಟ್ಟ ವರ್ಷ ಬರೆದುಕೊಂಡು ಹೋದೆ. ಹೆಡ್‌ಮಾಸ್ತರರು ಹೊಸಬರು, ನನ್ನ ಪರಿಚಯವಿಲ್ಲ. ಹಳೇ ದಾಖಲಾತಿ ರಿಜಿಸ್ಟರುಗಳು ಬೀರುವಿನ ಮೇಲೆ ಗಂಟು ಕಟ್ಟಿ ಕೂತಿರುತ್ತವೆ. ಸಂಖ್ಯೆ ಕೊಟ್ಟರೆ ಪುಟ ಬೇಗ ಸಿಗುತ್ತದೆ. ಇಲ್ಲದಿದ್ದರೆ “ನಾಳೆ ಬಾರಮ್ಮ” ಅನ್ನುತ್ತಾರೆ. ಅವರದ್ದೂ ತಪ್ಪಲ್ಲ, ಪಾಠ ಬಿಟ್ಟು ಎಷ್ಟು ಜನರಿಗೆ ಹುಡುಕಿ ಕೊಡುತ್ತಾರೆ? ಇನ್ನೊಂದು, ನಮೂನೆಯನ್ನು ನಾನೇ ಪ್ರಿಂಟ್ ಹಾಕಿಸಿ ಒಯ್ದಿದ್ದೆ. ಅಧಿಸೂಚನೆಯ ಕೊನೆಗೆ ಗ್ರಾಮೀಣದ್ದು, ಕನ್ನಡ ಮಾಧ್ಯಮದ್ದು ಎಲ್ಲ ನಮೂನೆ ಕೊಟ್ಟಿರುತ್ತಾರೆ. ಶಾಲೆಯವರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಡುವ ವ್ಯಾಸಂಗ ಪ್ರಮಾಣಪತ್ರ ಬೇರೆ, ಆ ನಮೂನೆ ಬೇರೆ. ಬೇಸಿಗೆ ರಜೆಯಲ್ಲಿ ಮಾತ್ರ ಹೋಗಬೇಡಿ. ಶಾಲೆಗೆ ಬೀಗ ಇರುತ್ತದೆ.

ಇಲ್ಲಿ ನನ್ನದೊಂದು ತಕರಾರು ಇದೆ. ಜಾತಿ ಪ್ರಮಾಣಪತ್ರವನ್ನು ಆರ್‌ಡಿ ನಂಬರ್ ಹಾಕಿ ಯಾವ ಇಲಾಖೆಯವರಾದರೂ ಪರಿಶೀಲಿಸಬಹುದು. ನಾನು ಓದಿದ್ದೂ ಸರ್ಕಾರದ ಶಾಲೆಯಲ್ಲೇ, ನೌಕರಿ ಕೊಡುವುದೂ ಸರ್ಕಾರವೇ. ಆ ಎರಡರ ಮಧ್ಯೆ ಟಪಾಲಿನವರ ಹಾಗೆ ನಾನು ಕಾಗದ ಹೊತ್ತು ತಿರುಗಬೇಕು. ಅರ್ಜಿ ಆನ್‌ಲೈನ್ ಆಗಿದೆ ಅನ್ನುತ್ತಾರೆ. ಆಗಿರುವುದು ಅದರ ಕೊನೆಯ ಪುಟ ಮಾತ್ರ.

371ಜೆ ಪ್ರಮಾಣಪತ್ರ ಉಪವಿಭಾಗಾಧಿಕಾರಿಯವರಿಂದ ಬರಬೇಕು. ಕಲ್ಯಾಣ ಕರ್ನಾಟಕದ ಏಳೂ ಜಿಲ್ಲೆಯವರಿಗೆ ಇದು ಗೊತ್ತಿರುವ ವಿಷಯ. ಶಾಲೆಯ ದಾಖಲೆ ಇಲ್ಲೂ ಕೇಳುತ್ತಾರೆ, ಅದಕ್ಕೇ ನಾನು ಮೊದಲು ಶಾಲೆಯ ಕೆಲಸ ಮುಗಿಸಿ ಆಮೇಲೆ ಇದಕ್ಕೆ ಕೈ ಹಾಕಿದೆ. ಅರ್ಜಿ ತುಂಬುವಾಗ ಜಾಸ್ತಿ ಗೊಂದಲ ಆಗುವುದೂ ಇಲ್ಲೇ. ಕಲ್ಯಾಣ ಕರ್ನಾಟಕದ್ದಾದ ಸ್ಥಳೀಯ ವೃಂದದ ಹುದ್ದೆ ಬೇರೆ, ರಾಜ್ಯದ ಉಳಿದ ಭಾಗದ್ದಾದ ಉಳಿಕೆ ಮೂಲ ವೃಂದದ ಹುದ್ದೆ ಬೇರೆ. 2024ರಲ್ಲಿ ಕೆಪಿಎಸ್‌ಸಿ ಕರೆದ ಪಿಡಿಒ ಹುದ್ದೆಗಳನ್ನೇ ನೋಡಿ: ಹೈದರಾಬಾದ್ ಕರ್ನಾಟಕಕ್ಕೆ (ಕಲ್ಯಾಣ ಕರ್ನಾಟಕದ ಹಳೇ ಹೆಸರು) 97, ಉಳಿಕೆ ಮೂಲ ವೃಂದಕ್ಕೆ 150. ಅಧಿಸೂಚನೆ ಪೂರ್ತಿ ಓದದೆ ಹುದ್ದೆಯ ಹೆಸರು ನೋಡಿ ಅರ್ಜಿ ಹಾಕಿದರೆ ಯಾವುದಕ್ಕೆ ಹಾಕಿದೆವು ಎಂದು ನಮಗೇ ತಿಳಿಯುವುದಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ನಾನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೇ ಮೂಲ ಎಂದು ಹಿಡಿದೆ. ಇನಿಷಿಯಲ್ ಮುಂದೆ ಇದೆಯೋ ಹಿಂದೆ ಇದೆಯೋ, ಅಪ್ಪನ ಹೆಸರಿನ ಕೊನೆಗೆ ‘ಎ’ ಅಕ್ಷರ ಇದೆಯೋ ಇಲ್ಲವೋ, ಅದರಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ. ಆಧಾರ್‌ನಲ್ಲಿ ಬೇರೆ ಇತ್ತು, ಅದನ್ನು ತಿದ್ದಿಸಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಮದುವೆಯಾದ ಮೇಲೆ ಗಂಡನ ಮನೆ ಹೆಸರು ಸೇರಿಸು ಎಂದು ಮನೆಯಲ್ಲಿ ಹೇಳಿದರು. ನೌಕರಿ ಸಿಗುವವರೆಗೆ ಬೇಡ ಎಂದೆ.

ಕೇಂದ್ರದ ಪರೀಕ್ಷೆಗಳ ಕಥೆ ಬೇರೆ. ಅಲ್ಲಿ 2ಎ ಪ್ರಮಾಣಪತ್ರ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಮ್ಮ ಜಾತಿ ಇದೆಯೇ ನೋಡಿಕೊಂಡು, ಅವರ ನಮೂನೆಯಲ್ಲೇ ಬೇರೆ ಪಡೆಯಬೇಕು. ಬ್ಯಾಂಕಿನ ಐಬಿಪಿಎಸ್ ಅರ್ಜಿಗೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ. ಜೊತೆಗೆ ಎಡ ಹೆಬ್ಬೆರಳ ಗುರುತು, ಕೈಯಲ್ಲಿ ಬರೆದ ಘೋಷಣೆ. ಆ ಘೋಷಣೆ ಇಂಗ್ಲಿಷಿನಲ್ಲೇ ಇರಬೇಕಂತೆ! ಸಹಿ ದೊಡ್ಡಕ್ಷರದಲ್ಲಿದ್ದರೆ ಒಪ್ಪುವುದಿಲ್ಲ. ಬಿಳಿ ಹಾಳೆಯ ಮೇಲೆ ಎಲ್ಲವನ್ನೂ ಒಂದೇ ಸಲ ಮಾಡಿ, ಸ್ಕ್ಯಾನ್ ಮಾಡಿಸಿ, ಬೇರೆ ಬೇರೆ ಅಳತೆಯಲ್ಲಿ ಫೋನಿನ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡೆ.

ಸೈಬರ್ ಸೆಂಟರಿಗೆ ನಾನೂ ಹೋಗುತ್ತಿದ್ದೆ, ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೆ ಮೊಬೈಲ್ ನಂಬರ್, ಇಮೇಲ್ ಮಾತ್ರ ನನ್ನದೇ ಹಾಕಿಸುತ್ತಿದ್ದೆ. ರಶ್ ಇದ್ದಾಗ ಕೆಲವು ಕಡೆ ಅಂಗಡಿಯವರು ತಮ್ಮದೇ ಇಮೇಲ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಮುಂದೆ ಪಾಸ್‌ವರ್ಡ್ ಮರೆತರೆ ಅವರ ಅಂಗಡಿ ಮುಂದೆ ನಿಲ್ಲಬೇಕು. ಸಬ್‌ಮಿಟ್ ಒತ್ತುವ ಮೊದಲು ಕುರ್ಚಿ ನನ್ನ ಕಡೆ ಎಳೆದುಕೊಂಡು ಮೀಸಲಾತಿಯ ಸಾಲುಗಳನ್ನು ಒಂದೊಂದಾಗಿ ಓದುತ್ತಿದ್ದೆ. ಹಿಂದೆ ನಿಂತವರು ಗೊಣಗಿದರೂ ಸರಿ. ಗ್ರಾಮೀಣಕ್ಕೆ ‘ಇಲ್ಲ’ ಎಂದು ಬಿದ್ದು ಅರ್ಜಿ ಹೋಗಿಬಿಟ್ಟರೆ, ಆಮೇಲೆ ಕಾಗದ ಎಷ್ಟು ತೋರಿಸಿದರೂ ಕೇಳುವುದಿಲ್ಲ.

ಫೀಸು ಕಟ್ಟಿದ ರಸೀದಿ, ಅರ್ಜಿಯ ಪ್ರಿಂಟ್, ಅಧಿಸೂಚನೆಯ ಪ್ರತಿ, ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಇಡುತ್ತಿದ್ದೆ. ಅಧಿಸೂಚನೆ ಯಾಕೆ ಅಂದರೆ, ಪರಿಶೀಲನೆಗೆ ಕರೆಯುವಷ್ಟರಲ್ಲಿ ತಿಂಗಳುಗಟ್ಟಲೆ ಆಗಿರುತ್ತದೆ, ಕೊನೆಯ ದಿನಾಂಕ ಯಾವುದು ಎಂದು ಯಾರಿಗೂ ನೆನಪಿರುವುದಿಲ್ಲ. ನನ್ನ ಪರಿಶೀಲನೆಯ ದಿನ ಮೇಜಿನ ಆಚೆ ಕೂತವರು ಮಾರ್ಕ್ಸ್ ಕಾರ್ಡುಗಳನ್ನು ಸುಮ್ನೆ ತಿರುವಿ ಹಾಕಿದರು. ನಿಂತು ಓದಿದ್ದು ಗ್ರಾಮೀಣ ಪತ್ರವನ್ನು. ಮೊದಲು ಕೇಳಿದ್ದೇ “ಒಂದರಿಂದ ಏಳನೆಯದು ಎಲ್ಲಿ?” ಎಂದು. ತೆಗೆದು ಕೊಟ್ಟೆ. ತಾರೀಕು ನೋಡಿ, ಬಿಇಒ ಸೀಲು ನೋಡಿ, ಟಿಕ್ ಹಾಕಿ ಮುಂದಿನವರನ್ನು ಕರೆದರು.