ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆಗೆ ಟ್ಯಾಬ್: ಸಿದ್ಧತೆ ಹೇಗೆ?

ಒಂದೇ ಕೌಶಲಕ್ಕೆ ಒಬ್ಬ ಪರೀಕ್ಷಕರು ಕೈತುಂಬ ಅಂಕ ಕೊಟ್ಟರೆ ಇನ್ನೊಬ್ಬರು ಕೈ ಬಿಗಿಹಿಡಿಯುತ್ತಾರೆ. ಈ ತಾರತಮ್ಯವನ್ನು ತಗ್ಗಿಸಲೆಂದು ಡಂಡೀ ವಿಶ್ವವಿದ್ಯಾಲಯದ ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಪರಿಚಯಿಸಿದ 'ಆಸ್ಕಿ' (OSCE) ಪರೀಕ್ಷಾ ಪದ್ಧತಿ ನರ್ಸಿಂಗ್ ಶಿಕ್ಷಣದಲ್ಲೂ ನೆಲೆಯೂರಿದೆ. ಇದರಲ್ಲಿ ವಿದ್ಯಾರ್ಥಿಗಳು ಒಂದೊಂದು ಕೌಶಲಕ್ಕೆ ಮೀಸಲಾದ 'ಸ್ಟೇಷನ್'ಗಳಿಗೆ ಸರದಿಯಂತೆ ಹೋಗುತ್ತಾರೆ, ಅಲ್ಲಿನ ಪರೀಕ್ಷಕರು ಚೆಕ್‌ಲಿಸ್ಟ್ ಪ್ರಕಾರ ಅಂಕ ಕೊಡುತ್ತಾರೆ. ಬ್ರಿಟನ್ನಿನಲ್ಲಿ ನೋಂದಣಿ ಬಯಸುವ ನಮ್ಮ ನರ್ಸ್‌ಗಳೂ ಇಂಥದೇ ಪರೀಕ್ಷೆಯನ್ನು ದಾಟಬೇಕು. ಆಸ್ಕಿಯನ್ನು ಕಾಗದದ ಬದಲು ಟ್ಯಾಬ್‌ನಲ್ಲಿ ನಡೆಸುವ ಕಾಲೇಜುಗಳು ಮೊದಲು ಗಮನ ಕೊಡಬೇಕಾದದ್ದು ಯಂತ್ರಕ್ಕಲ್ಲ, ಚೆಕ್‌ಲಿಸ್ಟ್‌ಗೆ.

'ಬಿ.ಪಿ. ಸರಿಯಾಗಿ ನೋಡಿದರು' ಎಂಬ ಸಾಲಿನಿಂದ ಏನನ್ನೂ ಅಳೆಯಲಾಗದು. ರೋಗಿಯ ಗುರುತನ್ನು ಖಚಿತಪಡಿಸಿಕೊಂಡರೇ, ಕೈ ತೊಳೆದರೇ, ತೋಳಿಗೆ ಸುತ್ತುವ ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲಿತ್ತೇ, ತೋಳು ಹೃದಯದ ಮಟ್ಟದಲ್ಲಿತ್ತೇ, ಗಾಳಿಯನ್ನು ಸೆಕೆಂಡಿಗೆ 2–3 ಮಿ.ಮೀ. ಪಾದರಸದಷ್ಟು ನಿಧಾನವಾಗಿ ಇಳಿಸಿದರೇ ಎಂದು, ಕಣ್ಣಿಗೆ ಕಾಣುವ ಒಂದೊಂದು ಕ್ರಿಯೆಯನ್ನೂ ಬಿಡಿಸಿ ಬರೆಯಬೇಕು. ಸಾಲುಗಳು ಅತಿಯಾದರೆ ಪರೀಕ್ಷಕರ ಕಣ್ಣು ವಿದ್ಯಾರ್ಥಿಯನ್ನು ಬಿಟ್ಟು ಪರದೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಒಂದು ಸ್ಟೇಷನ್ನಿನ ಪಟ್ಟಿ ಸಾಧ್ಯವಾದಷ್ಟೂ ಒಂದೇ ಪರದೆಯೊಳಗೆ ಮುಗಿಯಲಿ.

ಮುಂದಿನದು ಸಮಯದ ಲೆಕ್ಕ. 10 ಸ್ಟೇಷನ್‌ಗಳಿದ್ದು, ತಲಾ 7 ನಿಮಿಷ ಮತ್ತು ಸ್ಥಳ ಬದಲಾವಣೆಗೆ 1 ನಿಮಿಷ ಇಟ್ಟರೆ, 10 ವಿದ್ಯಾರ್ಥಿಗಳ ಒಂದು ಸುತ್ತಿಗೆ 80 ನಿಮಿಷ ಬೇಕು. 60 ಮಂದಿಗೆ 8 ಗಂಟೆ. ಎರಡು ಸಾಲು ಸ್ಟೇಷನ್‌ಗಳನ್ನು ಒಟ್ಟಿಗೆ ನಡೆಸಿದರೆ ಅದು 4 ಗಂಟೆಗೆ ಇಳಿಯುತ್ತದೆ. ಗಂಟೆ ಬಾರಿಸುವ ಕೆಲಸವನ್ನು ಕಂಪ್ಯೂಟರಿಗೇ ವಹಿಸಬಹುದು.

ಪರೀಕ್ಷೆಗೆ ಕೆಲವು ದಿನ ಮೊದಲು ಎಲ್ಲ ಪರೀಕ್ಷಕರೂ ಒಂದೇ ವಿಡಿಯೊ ನೋಡಿ, ತಮ್ಮ ತಮ್ಮ ಟ್ಯಾಬ್‌ನಲ್ಲಿ ಅಂಕ ಕೊಟ್ಟು, ವ್ಯತ್ಯಾಸ ಬಂದಲ್ಲಿ ಕೂತು ಚರ್ಚಿಸಬೇಕು. ಬಹಳಷ್ಟು ಕಡೆ ಸಮಯವಿಲ್ಲವೆಂದು ಬಿಟ್ಟುಬಿಡುವ ಈ ಹಂತವೇ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಪರೀಕ್ಷಕರಲ್ಲಿ ಒಮ್ಮತವಿಲ್ಲದಿದ್ದರೆ ಟ್ಯಾಬ್ ಹಳೆಯ ತಾರತಮ್ಯವನ್ನೇ ಇನ್ನಷ್ಟು ವೇಗವಾಗಿ ಕೂಡಿಸಿ ಕೊಡುತ್ತದೆ.

ಇಂಟರ್‌ನೆಟ್ ಕಡಿದರೂ ಅಂಕಗಳು ಟ್ಯಾಬ್‌ನಲ್ಲೇ ಉಳಿಯುವಂತಿರಬೇಕು. ಹೆಚ್ಚುವರಿ ಟ್ಯಾಬ್ ಮತ್ತು ಮುದ್ರಿತ ಪಟ್ಟಿ ಕೈಗೆಟುಕುವಲ್ಲಿರಲಿ. ಯಾವುದೇ ಸಾಲು ಖಾಲಿಯಿದ್ದರೆ ಮುಂದುವರಿಯಲು ಬಿಡದಂತೆ ತಂತ್ರಾಂಶವನ್ನು ಹೊಂದಿಸಿದರೆ, ಅಂಕ ಬಿಟ್ಟುಹೋಗುವ ಹಳೆಯ ತೊಂದರೆ ತಪ್ಪುತ್ತದೆ. ಕೊನೆಯಲ್ಲಿ ಪರೀಕ್ಷಕರು ಒಟ್ಟಾರೆ ಪ್ರದರ್ಶನವನ್ನೂ 'ಉತ್ತೀರ್ಣ', 'ಅಂಚಿನಲ್ಲಿ', 'ಅನುತ್ತೀರ್ಣ' ಎಂದು ಗುರುತಿಸಬೇಕು. ತೇರ್ಗಡೆಯ ಗೆರೆ ಎಲ್ಲಿರಬೇಕೆಂದು ತೀರ್ಮಾನಿಸಲು ಈ ಗುರುತು ನೆರವಾಗುತ್ತದೆ.

ಫಲಿತಾಂಶ ಪ್ರಕಟವಾದ ಮೇಲೆ ಪ್ರತಿ ಸಾಲಿನ ವರದಿಯನ್ನು ತೆರೆದು ನೋಡಿ. 60ರಲ್ಲಿ 40 ಮಂದಿ ಕೈ ತೊಳೆಯುವುದನ್ನೇ ಮರೆತಿದ್ದರೆ ಕೊರತೆಯಿರುವುದು ಬೋಧನೆಯಲ್ಲಿ. ಆ ತಂಡವನ್ನು ವಾರ್ಡಿಗೆ ಕಳುಹಿಸುವ ಮುನ್ನ ಪ್ರಯೋಗಾಲಯದಲ್ಲಿ ಪ್ರಾತ್ಯಕ್ಷಿಕೆಯನ್ನು ಮತ್ತೊಮ್ಮೆ ಏರ್ಪಡಿಸಬೇಕು.