ಎಕ್ಕ-ರಾಜ ಕೈಯಲ್ಲಿದ್ರೂ ಪ್ಯಾಕ್: ನನ್ನ ಅನುಭವ

ಪೋಕರ್ ಆಟದಲ್ಲಿ ನಾಲ್ವರು ಉಳಿದಿದ್ದೆವು. ಬಹುಮಾನದ ದುಡ್ಡು ಮೊದಲ ಮೂವರಿಗೆ ಮಾತ್ರ. ಬನಶಂಕರಿಯ ಹುಡುಗ ಆಲ್-ಇನ್ ಅಂದ, ಅಂದರೆ ಇದ್ದದ್ದನ್ನೆಲ್ಲ ಪಣಕ್ಕಿಟ್ಟ. ನನ್ನ ಕೈಯಲ್ಲಿ ಎಕ್ಕ ಮತ್ತು ರಾಜ. ಪ್ಯಾಕ್ ಮಾಡಿದೆ, ಅಂದರೆ ಆ ಕೈ ಆಡದೆ ಎಲೆ ಬಿಸಾಕಿದೆ. ಸುಮ್ನೆ ಇರಬಾರದಾ, ಎಲೆ ತಿರುಗಿಸಿ ತೋರಿಸಿಯೂಬಿಟ್ಟೆ. "ಗುರು, ಇದನ್ನೂ ಬಿಸಾಕಿದ್ರೆ ಇನ್ನೇನು ಬರ್ಲಿ ಅಂತ ಕಾಯ್ತಿದ್ದೀಯ?" ಅಂತ ಇಡೀ ಟೆರೇಸ್ ನಕ್ಕಿತು. ಮುಂದಿನ ಮೂರು ವಾರ ನನ್ನ ಹೆಸರು ಪುಕ್ಕಲ. ಈಗ ಯಾರೂ ಹಾಗೆ ಕರೆಯುವುದಿಲ್ಲ. ಅದಕ್ಕೇ ಬರೆಯೋ ಧೈರ್ಯ ಬಂತು.

ನಮ್ಮದು ರಾಜಾಜಿನಗರದ ಒಂದು ಟೆರೇಸ್ ಆಟ. ಶನಿವಾರ ರಾತ್ರಿ ಎಂಟೂವರೆಗೆ ಶುರು. ಹತ್ತು ಜನ, ತಲೆಗೆ 500 ರೂಪಾಯಿ, ಒಮ್ಮೆ ಔಟ್ ಆದರೆ ಮತ್ತೆ ದುಡ್ಡು ಕಟ್ಟಿ ಕೂರುವ ಹಾಗಿಲ್ಲ. ಮೊದಲ ಸ್ಥಾನಕ್ಕೆ 2500, ಎರಡಕ್ಕೆ 1500, ಮೂರಕ್ಕೆ 1000. ತಲಾ 3000 ಚಿಪ್ಸ್, ಅಂದರೆ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆ. ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಇಡಲೇಬೇಕಾದ ಪಣಕ್ಕೆ ಬ್ಲೈಂಡ್ ಅಂತಾರೆ. ಅದು 25-50ರಿಂದ ಶುರುವಾಗಿ ಹದಿನೈದು ನಿಮಿಷಕ್ಕೊಮ್ಮೆ ಏರುತ್ತದೆ. ಹತ್ತು ಗಂಟೆ ಹೊತ್ತಿಗೆ 300-600. ಅಲ್ಲಿಂದ ಆಚೆಗೆ ನಿಜವಾದ ಆಟ.

ಮೊದಲ ವರ್ಷ ನನ್ನದು ಒಂದೇ ಮಂತ್ರ, ಉಳ್ಕೊಂಡ್ರೆ ಸಾಕು. ಜೋಡಿ ಬಂದರೆ ಆಡು, ಇಲ್ಲದಿದ್ದರೆ ಕೂತು ಗೋಬಿ ಮಂಚೂರಿ ತಿನ್ನು. ಸುಮಾರು 26 ಶನಿವಾರ ಆಡಿದೆ, 13,000 ಹಾಕಿದೆ. ಆರು ಸಲ ಮೂರನೆಯವನಾದೆ, ಒಂದು ಸಲ ಎರಡನೆಯವನು. ಗೆದ್ದಿದ್ದು ಸೊನ್ನೆ. ಕೈಗೆ ಬಂದದ್ದು 7500. ನಾಲ್ಕನೇ ಸ್ಥಾನ ಎಷ್ಟು ಸಲ ಬಂತೋ, ಎಣಿಸೋಕೇ ಬೇಜಾರು. ಒಮ್ಮೆ 1100 ಚಿಪ್ಸ್ ಹಿಡಿದುಕೊಂಡು "ಇನ್ನೊಬ್ಬ ಔಟ್ ಆಗ್ಲಿ, ಆಗ್ಲಿ" ಅಂತ ಕಾದೆ. ಯಾರೂ ಔಟ್ ಆಗಲಿಲ್ಲ. ಎರಡು ಸುತ್ತಿನಲ್ಲಿ ಬ್ಲೈಂಡೇ ನನ್ನನ್ನು ತಿಂದು ಮುಗಿಸಿತು. ಬ್ಲೈಂಡ್ ಅಂದರೆ ಬಾಡಿಗೆ. ಮನೆಯಲ್ಲಿ ಸುಮ್ನೆ ಮಲಗಿದ್ದರೂ ಒಂದನೇ ತಾರೀಕು ಬಂದೇ ಬರುತ್ತದೆ.

ಸಿಟ್ಟಿಗೆದ್ದು ಪೂರ್ತಿ ಉಲ್ಟಾ ಹೊಡೆದೆ. ಸಿಕ್ಕಿದ್ದಕ್ಕೆಲ್ಲ ಶವ್, ಅಂದರೆ ಇರೋ ಚಿಪ್ಸನ್ನೆಲ್ಲ ಮುಂದೆ ತಳ್ಳೋದು. ಹನ್ನೆರಡು ಆಟದಲ್ಲಿ ಏಳು ಸಲ ಮೊದಲ ಗಂಟೆಯಲ್ಲೇ ಶವ್ ಮಾಡಿ ಶವ ಆದೆ. ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಣ್ಣ ಒಬ್ಬರಿದ್ದಾರೆ, ಯಾವತ್ತೂ ಪ್ಯಾಕ್ ಮಾಡುವವರಲ್ಲ. ಅವರ ಎದುರು ಏಳು-ಎರಡು ಹಿಡಿದು ಆಲ್-ಇನ್ ಹೋದೆ. ಅವರು ಗುಲಾಮ-ನಾಲ್ಕು ಹಿಡಿದು "ನೋಡೇಬಿಡೋಣ ಬಿಡಪ್ಪಾ" ಅಂತ ಕಾಲ್ ಮಾಡಿದರು, ಅಂದರೆ ಅಷ್ಟೇ ಪಣ ತಾವೂ ಇಟ್ಟರು. ಗೆದ್ದರು. ಹೆದರಿಸೋದು ಹೆದರೋರನ್ನ ಮಾತ್ರ ಅನ್ನೋ ಬುದ್ಧಿ 500 ರೂಪಾಯಿಗೆ ಬಂತು. ಆ ಹನ್ನೆರಡು ಆಟಕ್ಕೆ 6000 ಹಾಕಿ 4000 ವಾಪಸ್ ತೆಗೆದೆ.

ಆಮೇಲೆ ಒಂದು ರಾತ್ರಿ ಪೇಪರ್ ಪೆನ್ ಹಿಡಿದು ಕೂತೆ. ನಾಲ್ವರು ಉಳಿದಿದ್ದೇವೆ, ಚಿಪ್ಸ್ ಸಮಸಮ. ಒಟ್ಟು 5000ದಲ್ಲಿ ನನ್ನ ಪಾಲು 1250 ಅಂದುಕೊಳ್ಳಿ. ಯಾರೋ ಆಲ್-ಇನ್ ಅಂದ, ನಾನು ಕಾಲ್ ಮಾಡಿ ಗೆದ್ದೆ. ಚಿಪ್ಸ್ ಎರಡರಷ್ಟಾಯಿತು. ಪಾಲು 2500 ಆಗಬೇಕಿತ್ತಲ್ವಾ? ಆಗಲ್ಲ. ಮೊದಲ ಬಹುಮಾನವೇ 2500, ಅದು ಇನ್ನೂ ಖಾತ್ರಿಯಿಲ್ಲ. ಲೆಕ್ಕ ಹಾಕಿದರೆ 1900 ಚಿಲ್ಲರೆ. ಮಿಕ್ಕ ದುಡ್ಡು ಸುಮ್ನೆ ಕೂತು ನೋಡುತ್ತಿದ್ದ ಇಬ್ಬರ ಜೇಬಿಗೆ ಹೋಯಿತು. ಸೋತರೆ ಮಾತ್ರ ನನಗೆ ಪೂರ್ತಿ ಸೊನ್ನೆ. ಅಂದರೆ 1900 ಚಿಲ್ಲರೆ ಸಿಗಲು 1250 ಪಣಕ್ಕಿಟ್ಟ ಹಾಗೆ. ಬ್ಲೈಂಡ್ ಬದಿಗಿಟ್ಟರೆ, ನೂರಕ್ಕೆ 65 ಸಲ ಗೆಲ್ಲುವ ಕೈ ಇದ್ದರೆ ಮಾತ್ರ ಅಲ್ಲಿ ಕಾಲ್ ಮಾಡಬೇಕು.

ಎಕ್ಕ-ರಾಜ ಎಷ್ಟು ಗೆಲ್ಲುತ್ತದೆ? ಆ ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಮೇಣದಬತ್ತಿ ಬೆಳಕಲ್ಲಿ ಒಬ್ಬನೇ ಎಲೆ ಹಂಚಿದೆ. ಈ ಕಡೆ ಎಕ್ಕ-ರಾಜ, ಆ ಕಡೆ ಯಾವುದೋ ಎರಡು ಎಲೆ, ಮಧ್ಯೆ ಇಬ್ಬರಿಗೂ ಸೇರಿದ ಐದು. ಇನ್ನೂರು ಸಲ. ಸುಮಾರು 128 ಸಲ ಎಕ್ಕ-ರಾಜ ಗೆದ್ದಿತು. "ಒಬ್ರೇ ಆಡಿ ಒಬ್ರೇ ಸೋಲ್ತಿದ್ದೀರಲ್ರೀ" ಅಂತ ಹೆಂಡತಿ ಕೇಳಿದಳು. ಇರಲಿ. ಎದುರಿನವನ ಕೈ ಏನು ಬೇಕಾದರೂ ಇರಬಹುದು ಅಂದಾಗಲೇ ಗಡಿಯ ಮೇಲೆ ಕೂರುವ ಕೈ ಅದು. ಅವನ ಹತ್ತಿರ ಸಣ್ಣ ಜೋಡಿ ಇದ್ದರೂ ನಮ್ಮದು ನೂರಕ್ಕೆ ಐವತ್ತಕ್ಕಿಂತ ಕಡಿಮೆ. ಬನಶಂಕರಿ ಹುಡುಗ ಆ ರಾತ್ರಿ ಕಸ ಹಿಡಿದು ತಳ್ಳುವವನಲ್ಲ. ಹಾಗಾಗಿ ಪ್ಯಾಕ್.

ಇದೇ ಲೆಕ್ಕ ತಿರುಗಿಸಿ ನೋಡಿ, ಮಜಾ ಇರುವುದು ಅಲ್ಲಿ. ನನಗೆ ಕಾಲ್ ಮಾಡಲು ಇಷ್ಟು ಕಷ್ಟ ಅಂದರೆ ಎದುರಿನವನಿಗೂ ಅಷ್ಟೇ ಕಷ್ಟ. ಮೊದಲು ತಳ್ಳಿದವನು ನಾನಾದರೆ ಸಂಕಟ ಅವನದು. ಎಲ್ಲರೂ ಪ್ಯಾಕ್ ಮಾಡಿದರೆ ಅವರಿಟ್ಟ ಬ್ಲೈಂಡ್ ನನ್ನದು. ಹಾಗೆ ಪ್ರತಿ ಸಲ ಕದ್ದರೆ 900 ಚಿಪ್ಸ್, ಒಂದು ಸುತ್ತಿನ ಬಾಡಿಗೆ ಪೂರ್ತಿ ಬಂತು. ಅಲ್ಲಿಂದ ನಾನು ಕಾಲ್ ಮಾಡುವುದರಲ್ಲಿ ಜಿಪುಣ, ತಳ್ಳುವುದರಲ್ಲಿ ಧಾರಾಳಿ.

ಯಾರನ್ನ ತಳ್ಳಬೇಕು ಅನ್ನೋದೇ ಕಸುಬು. ತೀರಾ ಕಡಿಮೆ ಚಿಪ್ಸ್ ಇರುವವನನ್ನು ಮುಟ್ಟಬೇಡಿ, ಅವನು ಹೇಗೂ ಸಾಯುವವನು, ಏನು ಬಂದರೂ ಕಾಲ್ ಮಾಡುತ್ತಾನೆ. ಗುಡ್ಡೆ ಹಾಕಿಕೊಂಡಿರುವವನೂ ಬೇಡ. ನಡುವಿನವನಿದ್ದಾನಲ್ಲ, "ಆ ಬಡಪಾಯಿ ಮೊದಲು ಹೋಗ್ಲಿ" ಅಂತ ಕಾಯುತ್ತಿರುವವನು, ಅವನೇ ನಮ್ಮ ಅನ್ನದಾತ. ಹಿಂದಿನ ವರ್ಷದ ನಾನೇ ಅವನು. ಇನ್ನೊಂದು, ಗಡಿಯಾರ ನೋಡಿ. ಕೊನೆ ಮೆಟ್ರೋ ಹನ್ನೊಂದರ ಆಸುಪಾಸು. ಹತ್ತೂವರೆ ದಾಟಿದ ಮೇಲೆ ಮೆಟ್ರೋದಲ್ಲಿ ಬಂದವರ ಕೈ ಸಡಿಲ. ಆಗ ಅವರು ತಳ್ಳಿದರೆ ಎಕ್ಕ-ರಾಜಕ್ಕೆ ಕಾಲ್ ಮಾಡುತ್ತೇನೆ. ಸ್ಕೂಟರಲ್ಲಿ ಬಂದವರದು ಬೇರೆ ಲೆಕ್ಕ. ಚಿಕ್ಕಪೇಟೆ ಅಣ್ಣನ ಕೈ ಯಾವಾಗ ನಿಜವಾಗಿ ಗಟ್ಟಿ ಅಂತಲೂ ನನಗೆ ಗೊತ್ತಾಗುತ್ತದೆ. ಹೇಗೆ ಅಂತ ಹೇಳಲ್ಲ. ಅವರೂ ಇದನ್ನ ಓದುತ್ತಾರೆ.

ನಡುವೆ ಒಂದೆರಡು ತಲೆಹರಟೆ ಪ್ರಯೋಗವೂ ಆಯಿತು. ಬ್ಲೈಂಡ್ ಹತ್ತು ನಿಮಿಷಕ್ಕೊಮ್ಮೆ ಏರಿಸಿ ನೋಡಿದೆವು, ಲಾಟರಿ ಟಿಕೆಟ್ ಹರಿದ ಹಾಗಾಯಿತು. ಒಂದು ವಾರ ಚಿಪ್ಸ್ ಡಬ್ಬಿ ಸಿಗದೆ ಹುಣಸೆ ಬೀಜದಲ್ಲಿ ಆಡಿದೆವು. ಆವತ್ತು ಎಲ್ಲರೂ ಅಳಗುಳಿ ಮಣೆಗೆ ಸುರಿಯುವ ಹಾಗೆ ಸುರಿದರು. ಕೈಗೆ ಭಾರ ಸಿಗದಿದ್ದರೆ ಭಯವೂ ಇರಲ್ಲ ಅಂತ ಕಾಣುತ್ತದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಿಂತ ಮೇಲೆ ಇಬ್ಬರು ಪಳಗಿದ ಹುಡುಗರು ನಮ್ಮ ಟೆರೇಸಿಗೆ ಬಂದರು. ಹೆದರಿದ್ದೆ. ಆದರೆ ಲೆಕ್ಕ ಗೊತ್ತಿರುವವರೇ ಸರಿಯಾಗಿ ಪ್ಯಾಕ್ ಮಾಡುತ್ತಾರೆ, ಅವರಿಂದ ಕದಿಯೋದು ಸುಲಭ. ಕಷ್ಟ ಈಗಲೂ ಚಿಕ್ಕಪೇಟೆ ಅಣ್ಣನದೇ.

ಹೊಸ ದಾರಿಯಲ್ಲಿ ಇದುವರೆಗೆ 30 ಆಟ ಇರಬೇಕು. ಏಳು ಸಲ ಮೊದಲು, ನಾಲ್ಕು ಸಲ ಎರಡು, ಮೂರು ಸಲ ಮೂರು. 15,000 ಹಾಕಿ 26,500 ತೆಗೆದೆ. ಹಳೇ ಸಾಲವೆಲ್ಲ ತೀರಿ ಕೈಯಲ್ಲಿ ನಾಲ್ಕು ಸಾವಿರ. ಮಂಚೂರಿ ಖರ್ಚು ಕಳೆದರೆ ಎಷ್ಟು ಉಳಿಯಿತು ಅಂತ ಹೆಂಡತಿಗೆ ಹೇಳಿಲ್ಲ. ಅದೃಷ್ಟವೂ ಇತ್ತು, ಒಪ್ಪುತ್ತೇನೆ. ಮೂವತ್ತು ಆಟ ಅಂದರೆ ಏನು ಮಹಾ.

ಹೋದ ವಾರ ಬನಶಂಕರಿ ಹುಡುಗ ಎಕ್ಕ-ರಾಜ ಪ್ಯಾಕ್ ಮಾಡಿ, ನನ್ನ ಹಾಗೇ ತೋರಿಸಿದ. ಯಾರೂ ನಗಲಿಲ್ಲ. ಆಟ ಮುಗಿದ ಮೇಲೆ ಚಿಕ್ಕಪೇಟೆ ಅಣ್ಣ, "ಮೂರನೆಯವರಿಗೆ ಕೊಡೋದು ಬಿಟ್ಬಿಡೋಣ ಕಣ್ರೋ, 3500-1500 ಮಾಡಿ, ಎಲ್ರೂ ಮುದುಕರ ಥರ ಆಡ್ತಿದ್ದೀರಿ" ಅಂದರು. ಎಲ್ಲರೂ ಕೈ ಎತ್ತಿದರು. ಮನೆಗೆ ಬಂದು ಮತ್ತೆ ಪೇಪರ್ ಪೆನ್ ತೆಗೆದೆ. ಮೂವರು ಸಮಸಮ ಉಳಿದಾಗ ಕಾಲ್ ಮಾಡಲು ಈಗ 65 ಬೇಕಿಲ್ಲ, 59 ಸಾಕು. ಅವರಿಗೆ ಇದನ್ನ ಇನ್ನೂ ಹೇಳಿಲ್ಲ.